ಮುನಿಲಕ್ಷ್ಮಮ್ಮ ಹೊದಿಸಿದ ಜ್ವರ

ನಮ್ಮ ಮನೆ ಮಾಲೀಕರಾದ ಮುನಿಲಕ್ಷ್ಮಮ್ಮನವರ ಪ್ರಕಾರ ಮನುಷ್ಯನಿಗೆ ಬರುವ ಕಾಯಿಲೆಗಳಿಗೆಲ್ಲ ಇರುವುದು ಎರಡೇ ಕಾರಣ. ಒಂದು ದೃಷ್ಟಿ, ಇನ್ನೊಂದು ಗಾಳಿ. ದೃಷ್ಟಿಗೆ ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರೆ ಮುಗಿಯಿತು. ಗಾಳಿಗೆ ಮಾತ್ರ ಉಣ್ಣೆಯೇ ಆಗಬೇಕು. ಅವರ ಬೀರುವಿನಲ್ಲಿ ರೇಷ್ಮೆ ಸೀರೆಗಿಂತ ಸ್ವೆಟರ್‌ಗಳೇ ಹೆಚ್ಚಿವೆ. ಏಪ್ರಿಲ್ ತಿಂಗಳಲ್ಲಿ ಟಾರು ಕರಗುವಾಗಲೂ ಯಾರಾದರೂ ಒಮ್ಮೆ ಸೀನಿದರೆ ಸಾಕು, ಆ ಬೀರುವಿನ ಬಾಗಿಲು ಕಿರ್ರೆನ್ನುವುದು ನಮಗೆ ಮೇಲಿನ ಮನೆಗೆ ಕೇಳಿಸುತ್ತದೆ.

ಸಾರಕ್ಕಿ ಇನ್ನೂ ಹಳ್ಳಿಯಾಗಿದ್ದಾಗ ಅವರ ಮನೆಯವರು ರಾಗಿ, ಅವರೆ ಬೆಳೆಯುತ್ತಿದ್ದರಂತೆ. ಈಗ ಅದೇ ಹೊಲದ ಮೇಲೆ ಅಂತಸ್ತಿನ ಮನೆ ಕಟ್ಟಿಸಿ ನಮ್ಮಂಥ ಬಾಡಿಗೆದಾರರನ್ನು ಬೆಳೆಯುತ್ತಿದ್ದಾರೆ. ನಾನು ಸ್ಕೂಟರ್ ನಿಲ್ಲಿಸುವ ಜಾಗಕ್ಕೆ ಅವರು ಇವತ್ತಿಗೂ ಅವರೆ ಸಾಲು ಎಂದೇ ಹೇಳುತ್ತಾರೆ. ಬೆಳೆಗೆ ಹೇಗೋ ನಮಗೂ ಹಾಗೆಯೇ. ನೀರು ಬಿಡುವುದು ಅವರೇ, ನಿಲ್ಲಿಸುವುದು ಅವರೇ, ಹುಳ ಹಿಡಿದಿದೆಯೇ ಎಂದು ಬೆಳಿಗ್ಗೆ ಸಂಜೆ ಬಂದು ನೋಡುವುದೂ ಅವರೇ.

ನಾನು ಶಿವರಾಜ್, ತಿಪಟೂರಿನ ಕಡೆಯವನು. ಸಾರಕ್ಕಿ ಸಿಗ್ನಲ್ ಹತ್ತಿರ ನನ್ನದೊಂದು ಹೆಲ್ಮೆಟ್ ಅಂಗಡಿ ಇದೆ. ನನಗೆ ಕೋಪ ಬಹಳ ಬೇಗ ಬರುತ್ತದೆ. ಆದರೆ ಮನೆ ಮಾಲೀಕರ ಮುಂದೆ ಮಾತ್ರ ಬರುವುದಿಲ್ಲ, ಅದು ನನ್ನ ಕೋಪಕ್ಕಿರುವ ಒಂದೇ ಒಂದು ಒಳ್ಳೆಯ ಗುಣ. ಮಧ್ಯಾಹ್ನ ಅಂಗಡಿಗೆ ಶಟರ್ ಎಳೆದು ಮನೆಗೆ ಬರುತ್ತೇನೆ, ನನ್ನ ಹೆಂಡತಿ ಮೇಘಶ್ರೀ ಹಾಕುವ ಒಗ್ಗರಣೆಯ ವಾಸನೆ ಮೆಟ್ಟಿಲ ಮೇಲೆಯೇ ಎದುರುಗೊಳ್ಳುತ್ತದೆ. ಬದುಕಿನಲ್ಲಿ ಅದಕ್ಕಿಂತ ದೊಡ್ಡ ಆಸೆ ನನಗಿಲ್ಲ. ಈ ಕಥೆಯಲ್ಲಿ ಅದೂ ಹೋಯಿತು, ಹೇಗೆಂದು ಹೇಳುತ್ತೇನೆ.

ಮುನಿಲಕ್ಷ್ಮಮ್ಮನವರಿಗೆ ಮೋಹಿತ್ ಎಂಬ ಮೊಮ್ಮಗನಿದ್ದಾನೆ. ನಾಲ್ಕು ವರ್ಷದವನು, ಬಾಯಿ ಮಾತ್ರ ನಲವತ್ತು ವರ್ಷದ್ದು. ಅಜ್ಜಿಯನ್ನು ಅವನು ಒಂದು ದಿನವೂ ಅಜ್ಜಿ ಎಂದು ಕರೆದವನಲ್ಲ. "ಏ ಲಕ್ಷ್ಮೀ, ಕಾಫಿ ತಾರೇ" ಎನ್ನುತ್ತಾನೆ. ನನ್ನನ್ನು "ಏ ಹೆಲ್ಮೆಟ್" ಎನ್ನುತ್ತಾನೆ. ಬೇರೆ ಮನೆಯಾಗಿದ್ದರೆ ಕಿವಿ ಹಿಂಡುತ್ತಿದ್ದರು. ಈ ಅಜ್ಜಿಗೆ ಅದೇ ಸಂಭ್ರಮ. "ನೋಡು, ಹೆಂಗ್ ಗದರ್ತಾನೆ! ಗೌಡ್ರು ಕಣಪ್ಪ ನಮ್ಮವ್ನು" ಎಂದು ನನ್ನೆದುರೇ ಅವನ ಕೆನ್ನೆ ಸವರಿ ಲಟಿಕೆ ಮುರಿಯುತ್ತಾರೆ.

ಆ ಮೋಹಿತನಿಗೆ ಜ್ವರ ಬಂತು. ಅವನಪ್ಪ ನಂದಕುಮಾರ್ ಸ್ನೇಹಿತರ ಜೊತೆ ಕಾರಿನಲ್ಲಿ ತಿರುಪತಿಗೆ ಹೋಗಿದ್ದ. ಮನೆಯಲ್ಲಿದ್ದದ್ದು ಮುನಿಲಕ್ಷ್ಮಮ್ಮ ಮತ್ತು ಅವರ ಸೊಸೆ ರಮ್ಯ. ಅರೆಕೆರೆಯಿಂದ ಬಂದ ಈ ಹುಡುಗಿ ಮೆತ್ತಗೆ ಮಾತಾಡುವವಳು, ಅತ್ತೆಯ ಮುಂದೆ ಇನ್ನೂ ಮೆತ್ತಗೆ. ಅವಳು ಮಗನ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿದಳು, ಅದು ಪೀಪ್ ಎಂದಾಗ ನೂರಾ ಒಂದು ಇತ್ತು. ಡಾಕ್ಟರು ಹಿಂದೆಯೇ ತೂಕಕ್ಕೆ ತಕ್ಕಂತೆ ಹೇಳಿಕೊಟ್ಟಿದ್ದ ಅಳತೆಯಲ್ಲಿ ಜ್ವರದ ಸಿರಪ್ ಕುಡಿಸಿದಳು. ಸ್ವಲ್ಪ ಹೊತ್ತಿಗೆಲ್ಲ ಹುಡುಗ ಎದ್ದು ಕೂತು, "ಏ ಲಕ್ಷ್ಮೀ, ಟೀವಿ ಹಾಕು" ಎಂದ. ಕಥೆ ಅಲ್ಲಿಗೇ ಮುಗಿಯಬೇಕಿತ್ತು.

ಆದರೆ ಮುನಿಲಕ್ಷ್ಮಮ್ಮನವರಿಗೆ ಸಿರಪ್ಪಿನ ಮೇಲೂ ನಂಬಿಕೆಯಿಲ್ಲ, ಥರ್ಮಾಮೀಟರಿನ ಮೇಲೂ ಇಲ್ಲ. "ಆ ಪೀಪಿ ಊದೋದ್ಕೆ ಏನ್ ಗೊತ್ತಾಯ್ತದೆ? ಗಾಳಿ ಹೊಕ್ಕಿರೋದು ಅದ್ಕೆ ಕಾಣುತ್ತಾ?" ಎಂದು ಫ್ಯಾನ್ ಆಫ್ ಮಾಡಿದರು. ಕಿಟಕಿ ಮುಚ್ಚಿದರು. ಬೀರು ಕಿರ್ರೆಂದಿತು. ಹುಡುಗನಿಗೆ ಬನಿಯನ್, ಅದರ ಮೇಲೆ ಸ್ವೆಟರ್, ಅದರ ಮೇಲೆ ಅವನಪ್ಪನ ಬಾಲ್ಯದ ಇನ್ನೊಂದು ಸ್ವೆಟರ್, ಕಾಲಿಗೆ ಸಾಕ್ಸ್, ಕತ್ತಿಗೆ ಮಫ್ಲರ್, ತಲೆಗೆ ಮಂಕಿ ಕ್ಯಾಪ್, ಎಲ್ಲದರ ಮೇಲೆ ಒಂದು ರಗ್ಗು. ಒಳಗಿನಿಂದ "ಬಿಡೇ ಲಕ್ಷ್ಮೀ!" ಎಂಬ ಕೂಗು ಕ್ಷೀಣವಾಗಿ ಕೇಳಿಸುತ್ತಿತ್ತು. ರಮ್ಯ ರಗ್ಗು ತೆಗೆದರೆ ಅತ್ತೆ ಹೊದಿಸುವರು, ಅತ್ತೆ ಬಚ್ಚಲಿಗೆ ಹೋದರೆ ಸೊಸೆ ತೆಗೆಯುವಳು. ಆ ರಗ್ಗು ಇಡೀ ದಿನ ಹೀಗೆ ಓಡಾಡಿತು. ಮತ್ತೆ ಥರ್ಮಾಮೀಟರ್ ಇಟ್ಟರೆ ನೂರಾ ಮೂರು. "ನೋಡಿದ್ಯಾ? ಹೊದಿಸದೇ ಇದ್ದಿದ್ರೆ ಇನ್ನೂ ಏರ್ತಿತ್ತು" ಎಂದು ಮುನಿಲಕ್ಷ್ಮಮ್ಮ ಇನ್ನೊಂದು ರಗ್ಗು ತಂದರು.

ಮಾರನೆಯ ಬೆಳಿಗ್ಗೆ ಹುಡುಗನ ಹಣೆ, ಕತ್ತು, ಬೆನ್ನಿನ ಮೇಲೆಲ್ಲ ಸಣ್ಣ ಸಣ್ಣ ಕೆಂಪು ಗುಳ್ಳೆಗಳೆದ್ದಿದ್ದವು. ಮುನಿಲಕ್ಷ್ಮಮ್ಮ ಕನ್ನಡಕ ಏರಿಸಿ ನೋಡಿದರು, ಎರಡು ಹೆಜ್ಜೆ ಹಿಂದೆ ಸರಿದರು, ಚಪ್ಪಲಿಯನ್ನು ದೂರ ಒದ್ದು ಕೈ ಮುಗಿದರು. "ಅಮ್ಮ ಬಂದವ್ಳೆ!" ಎಂದರು.

ಗೊತ್ತಿಲ್ಲದವರಿಗೆ ಹೇಳಬೇಕು. ಆಸ್ಪತ್ರೆಯವರು ಚಿಕನ್‌ಪಾಕ್ಸ್ ಎನ್ನುವುದನ್ನು ಹಳೆಯ ಹಳ್ಳಿಗಳ ಮನೆಗಳಲ್ಲಿ ರೋಗ ಎನ್ನುವುದೇ ಇಲ್ಲ. ಮಾರಮ್ಮ ಮಗುವಿನ ಮೈಮೇಲೆ ಬಂದು ಇಳಿದುಕೊಂಡಿದ್ದಾಳೆ ಎನ್ನುತ್ತಾರೆ. ದೇವರು ನೆಂಟಳಾಗಿ ಬಂದ ಮೇಲೆ ಮನೆಯವರು ಅವಳ ಮರ್ಜಿಯಲ್ಲಿರಬೇಕು. ಬಾಗಿಲಿಗೆ ಬೇವಿನ ಸೊಪ್ಪು, ಹಾಸಿಗೆಯಲ್ಲಿ ಬೇವಿನ ಸೊಪ್ಪು. ಔಷಧಿ ಕೂಡದು, ಡಾಕ್ಟರ ಮೆಟ್ಟಿಲು ತುಳಿಯಕೂಡದು. ಎಲ್ಲಕ್ಕಿಂತ ಮುಖ್ಯವಾಗಿ ಒಗ್ಗರಣೆ ಹಾಕಕೂಡದು. ಎಣ್ಣೆಯಲ್ಲಿ ಸಾಸಿವೆ ಚಟಪಟ ಅಂದರೆ ಅಮ್ಮನಿಗೆ ಸಿಟ್ಟು ಬರುತ್ತದಂತೆ.

ಇದು ಅವರ ಮನೆಯ ಅಡುಗೆಮನೆಗೆ ಮಾತ್ರ ಅನ್ವಯಿಸಿದ್ದರೆ ನಾನೂ ಕೈ ಮುಗಿಯುತ್ತಿದ್ದೆ. ಆದರೆ ನಮ್ಮ ಅಡುಗೆಮನೆಯ ಕಿಟಕಿ ಸರಿಯಾಗಿ ಮೋಹಿತ್ ಮಲಗಿದ ಕೋಣೆಯ ಮೇಲಿದೆ. ಮುನಿಲಕ್ಷ್ಮಮ್ಮ ಅಂಗಳದಲ್ಲಿ ನಿಂತು ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗಿದರು.

"ಮೇಘಶ್ರೀ! ಅಮ್ಮ ಹೋಗೋವರ್ಗೂ ಯಾರೂ ಒಗ್ಗರಣೆ ಹಾಕಂಗಿಲ್ಲ! ಇಂಗಿನ ಡಬ್ಬಿ ಮುಚ್ಚಳಾನೂ ತೆಗಿಯಂಗಿಲ್ಲ!"

"ಆಯ್ತು ಆಂಟಿ" ಎಂದಳು ನನ್ನ ಹೆಂಡತಿ, ನನ್ನನ್ನು ಒಂದು ಮಾತೂ ಕೇಳದೆ.

ಅವತ್ತಿನ ಹುಳಿಯಲ್ಲಿ ಬೇಳೆ ಬೆಂದಿತ್ತು, ಉಪ್ಪಿತ್ತು, ಹುಣಸೆಹಣ್ಣಿತ್ತು, ಜೀವ ಇರಲಿಲ್ಲ. ನಾನು ತಟ್ಟೆಯ ಮುಂದೆ ಕುಳಿತು ಅರ್ಧ ಗಂಟೆ ಮುನಿಲಕ್ಷ್ಮಮ್ಮನವರನ್ನು ಬೈದೆ, ಪಿಸುಮಾತಿನಲ್ಲಿ. ಮಾರಮ್ಮನ ಬಗ್ಗೆ ಏನೂ ಅನ್ನಲಿಲ್ಲ. ಅವಳ ಮೇಲೆ ನನಗೇನೂ ದ್ವೇಷವಿಲ್ಲ, ಬಾಡಿಗೆ ಏರಿಸುವವಳೂ ಅವಳಲ್ಲ.

ಇತ್ತ ಕೆಳಗಿನ ಮನೆಯಲ್ಲಿ ಇನ್ನೊಂದು ತಾಪತ್ರಯ ಶುರುವಾಗಿತ್ತು. ಅಮ್ಮನಿಗೆ ತಂಪಾಗಿರಬೇಕು, ಮೊಮ್ಮಗನಿಗೆ ಬೆಚ್ಚಗಿರಬೇಕು. ಮುನಿಲಕ್ಷ್ಮಮ್ಮ ಇಬ್ಬರನ್ನೂ ಬಿಟ್ಟುಕೊಡುವವರಲ್ಲ. ಆದ್ದರಿಂದ ಹುಡುಗನ ಕೆಳಗೆ ಬೇವಿನ ಸೊಪ್ಪು ಹಾಸಿ, ಮೇಲೆ ಅದೇ ಸ್ವೆಟರು, ಅದೇ ಮಂಕಿ ಕ್ಯಾಪು, ಅದೇ ರಗ್ಗುಗಳನ್ನು ಮುಂದುವರಿಸಿದರು. ಸಿರಪ್ ನಿಂತಿತು. ರಮ್ಯ ಡಾಕ್ಟರ ಹೆಸರೆತ್ತಿದಾಗಲೆಲ್ಲ ಅವರು ಕಿವಿ ಮುಚ್ಚಿಕೊಂಡು, "ಅಮ್ಮ ಕೇಳಿಸ್ಕೊಂಡಾಳು!" ಎನ್ನುತ್ತಿದ್ದರು.

ಅದರ ಮಾರನೆಯ ಮಧ್ಯಾಹ್ನ ನಾನು ಮತ್ತೊಂದು ನಿರ್ಜೀವ ಸಾರಿನ ಮುಂದೆ ಕೂತಿದ್ದಾಗ ರಮ್ಯ ನಮ್ಮ ಮನೆಗೆ ಓಡಿಬಂದಳು. ಅವಳ ಮುಖ ನೋಡಿ ನನ್ನ ಬಾಯಿಗೆ ಬಂದಿದ್ದ ದೂರು ಹಾಗೆಯೇ ಒಳಗಿಳಿಯಿತು.

"ಅಕ್ಕ, ಇಲ್ಲಿಂದ ಡಾಕ್ಟ್ರಿಗೆ ಒಂದ್ ಫೋನ್ ಮಾಡ್ತೀನಿ. ಕೆಳಗಡೆ ಆದ್ರೆ ಅತ್ತೆ ಕೇಳಿಸ್ಕೊತಾರೆ" ಎಂದಳು ಮೇಘಶ್ರೀಗೆ. ಜೆ.ಪಿ. ನಗರದಲ್ಲಿ ಮಕ್ಕಳನ್ನು ನೋಡುವ ಡಾಕ್ಟರ್ ಅನಂತರಾಮು ಅವರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. ಜ್ವರ ನೂರಾ ಎರಡೂವರೆ, ನೂರಾ ಮೂರು ಎಂದು ಶುರುಮಾಡಿದವಳನ್ನು ಅವರು ನಡುವೆಯೇ ತಡೆದರು.

"ನಂಬರ್ ಆಮೇಲೆ ಹೇಳಿ ಅಮ್ಮ. ಮಗು ಹೇಗಿದೆ? ಕುಡೀತಾ ಇದಾನಾ? ಆಟ ಆಡ್ತಾನಾ? ಉಚ್ಚೆ ಯಾವಾಗ ಮಾಡಿದ?"

ರಮ್ಯ ಯೋಚಿಸಿದಳು. "ನಿನ್ನೆ ರಾತ್ರಿ ಮಲಗೋ ಮುಂಚೆ ಮಾಡಿದ್ದು ಸಾರ್. ಬೆಳಿಗ್ಗೆಯಿಂದ ಇಲ್ಲ. ಏನೂ ಕುಡೀತಿಲ್ಲ. ಸುಮ್ನೆ ಮಲಗಿದಾನೆ."

"ಹಾಗಿದ್ರೆ ಇದು ಫೋನಲ್ಲಿ ಮಾತಾಡೋ ವಿಷಯ ಅಲ್ಲ. ಕರ್ಕೊಂಡು ಬನ್ನಿ. ಈಗಲೇ ಬನ್ನಿ."

ಫೋನಿಟ್ಟು ರಮ್ಯ ನನ್ನ ಕಡೆ ತಿರುಗಿದಳು. "ಅಣ್ಣ, ಸ್ಕೂಟರ್ ತೆಗೀರಿ."

"ತೆಗಿಯೋಣ, ಅದಕ್ಕೇನಂತೆ" ಎಂದೆ ನಾನು. "ಆದ್ರೆ ಆಂಟಿಗೆ ಒಂದು ಮಾತು ಕೇಳಿಬಿಟ್ಟು..."

ಮೇಘಶ್ರೀ ನನ್ನನ್ನು ನೋಡಿದ ನೋಟಕ್ಕೆ ಸಾಸಿವೆಯಿದ್ದಿದ್ದರೆ ಅಲ್ಲೇ ಸಿಡಿಯುತ್ತಿತ್ತು. ಎದ್ದು ಕೈ ತೊಳೆದೆ.

ರಮ್ಯ ಮೆಟ್ಟಿಲಿಳಿದ ರೀತಿಯಲ್ಲೇ ಗೊತ್ತಾಗುತ್ತಿತ್ತು, ಅವಳು ಇವತ್ತು ಯಾರ ಮಾತನ್ನೂ ಕೇಳುವವಳಲ್ಲ ಎಂದು. ನಾನು ಸುರಕ್ಷಿತ ದೂರದಲ್ಲಿ ಹಿಂಬಾಲಿಸಿದೆ. ಜಗಳವಾದರೆ ತಿರುಗಿ ಮೇಲೆ ಹತ್ತಲು ಅನುಕೂಲವಾಗುವಷ್ಟು ದೂರ. ಬಾಗಿಲ ಬೇವಿನ ಸೊಪ್ಪನ್ನು ಸರಿಸಿ ಒಳಗೆ ಕಾಲಿಟ್ಟರೆ, ಮುನಿಲಕ್ಷ್ಮಮ್ಮ ಲೋಟ ಹಿಡಿದು ಮೊಮ್ಮಗನ ಪಕ್ಕ ಕೂತಿದ್ದರು.

"ಎದ್ದೇಳು ನನ್ನಪ್ಪ, ಒಂದ್ ಗುಟುಕು ಮಜ್ಜಿಗೆ ಕುಡಿ" ಎನ್ನುತ್ತಿದ್ದರು.

ಮಂಕಿ ಕ್ಯಾಪಿನೊಳಗಿನಿಂದ ಅರ್ಧ ಕಣ್ಣು ತೆರೆದು ಮೋಹಿತ್ ಹೇಳಿದ, "ಬೇಡ ಅಜ್ಜಿ."

ಮುನಿಲಕ್ಷ್ಮಮ್ಮನವರ ಕೈಯಿಂದ ಲೋಟ ಜಾರಿ ಬಿತ್ತು. ಮಜ್ಜಿಗೆ ನೆಲದ ಮೇಲೆಲ್ಲ ಹರಿಯಿತು. ಅವರು ನಮ್ಮ ಕಡೆ ತಿರುಗಿದಾಗ ಆ ಮುಖದಲ್ಲಿ ರಕ್ತವೇ ಇರಲಿಲ್ಲ.

"ಅಜ್ಜಿ ಅಂತವ್ನೆ!" ಎಂದರು. "ರಮ್ಯ, ಇವ್ನು ನನ್ನ ಅಜ್ಜಿ ಅಂತವ್ನೆ ಕಣೇ! ಏನೋ ಆಗೋಗದೆ ನನ್ ಮಗೀಗೆ! ಶಿವ್ರಾಜು, ನಿಂತ್ಕೊಂಡ್ ಏನ್ ನೋಡ್ತೀಯ, ಸ್ಕೂಟ್ರು ತೆಗಿಯಪ್ಪ!"

ಯುದ್ಧಕ್ಕೆ ಸಿದ್ಧಳಾಗಿ ಬಂದ ರಮ್ಯಳಿಗೆ ಎದುರಾಳಿಯೇ ಇಲ್ಲದಂತಾಯಿತು. ಅವಳು ಮಗನನ್ನು ರಗ್ಗು, ಸೊಪ್ಪು ಸಮೇತ ಬಾಚಿಕೊಂಡಳು. ಆಟೋ ಒಂದೂ ಕಾಣಲಿಲ್ಲ. ಹೀಗಾಗಿ ಸ್ಕೂಟರಿನ ಮುಂದೆ ನಾನು, ನಡುವೆ ಮಗುವನ್ನು ಅವುಚಿಕೊಂಡ ರಮ್ಯ, ಹಿಂದೆ ಬರಿಗಾಲಲ್ಲಿ ಅಡ್ಡ ಕೂತ ಮುನಿಲಕ್ಷ್ಮಮ್ಮ. ಊರಿಗೆಲ್ಲ ಹೆಲ್ಮೆಟ್ ಮಾರುವ ನಾನು ಹೆಲ್ಮೆಟ್ಟಿಲ್ಲದೆ, ನನ್ನ ಅಂಗಡಿಯ ಮುಂದೆಯೇ, ಬೇವಿನೆಲೆ ಉದುರಿಸುತ್ತಾ ಹೋದೆ. ಸಿಗ್ನಲ್ಲಿನಲ್ಲಿ ಟ್ರಾಫಿಕ್ ಪೊಲೀಸ್ ಒಬ್ಬ ಕೈ ಅಡ್ಡ ಹಾಕಿದ. ಮುನಿಲಕ್ಷ್ಮಮ್ಮ ಹಿಂದಿನಿಂದ ಒಂದು ಬೇವಿನ ರೆಂಬೆ ಎತ್ತಿ ಬೀಸಿ, "ಅಮ್ಮ ಬಂದವ್ಳೆ ಕಣಪ್ಪೋ, ದಾರಿ ಬಿಡು!" ಎಂದು ಕಿರುಚಿದರು. ಆ ಮನುಷ್ಯ ಮೊದಲು ಹಿಂದಕ್ಕೆ ನೆಗೆದು, ಆಮೇಲೆ ಕೈ ಮುಗಿದು, ಆಮೇಲೆ ಅಡ್ಡ ಬರುತ್ತಿದ್ದ ಬಸ್ಸನ್ನೇ ನಿಲ್ಲಿಸಿದ.

ಕ್ಲಿನಿಕ್ಕಿನಲ್ಲಿ ನಾವು ಕೂತ ಬೆಂಚು ತಕ್ಷಣ ಖಾಲಿಯಾಯಿತು. ಡಾಕ್ಟರ್ ಅನಂತರಾಮು ಕೂಡಲೇ ಒಳಗೆ ಕರೆದರು. ಮೇಜಿನ ಮೇಲೆ ಮಲಗಿಸಿದ ಗಂಟನ್ನು ನೋಡಿ, "ಇದರೊಳಗೆ ಮಗು ಇದೆಯಾ?" ಎಂದರು. ಮಂಕಿ ಕ್ಯಾಪು, ಮಫ್ಲರು, ಸ್ವೆಟರುಗಳು ಒಂದೊಂದಾಗಿ ನರ್ಸಿನ ತೋಳಿಗೆ ಬಂದು, ತೋಳು ತುಂಬಿ ಕುರ್ಚಿಗೆ ಹೋದವು. ಕೊನೆಗೆ ಬೆವರಿನಲ್ಲಿ ತೊಯ್ದು ತೊಪ್ಪೆಯಾದ ಹುಡುಗ ಹೊರಬಂದ. ಡಾಕ್ಟರು ಗುಳ್ಳೆಗಳನ್ನು ದೀಪ ಹಿಡಿದು ನೋಡಿದರು, ನಾಲಿಗೆ ನೋಡಿದರು, ಹೊಟ್ಟೆ ಒತ್ತಿದರು, ಉಸಿರಾಟವನ್ನು ಬಹಳ ಹೊತ್ತು ಗಮನಿಸಿದರು.

"ಅಮ್ಮ ಅಲ್ವಾ ಡಾಕ್ಟ್ರೇ?" ಎಂದು ಮುನಿಲಕ್ಷ್ಮಮ್ಮ ಕೇಳಿದರು, ಕೈ ಮುಗಿದುಕೊಂಡೇ.

"ಅಮ್ಮ ಅಲ್ಲ. ಇವನ ಮೈಮೇಲೆ ಬಂದಿರೋದು ಅಜ್ಜಿ" ಎಂದರು ಡಾಕ್ಟರು. "ಬೆವರು ಗುಳ್ಳೆ ಇದು. ಉಣ್ಣೆ ಸುತ್ತಿ ಸುತ್ತಿ ಬಂದಿರೋದು. ಒಳಗಿನ ಶಾಖ ಹೊರಗೆ ಹೋಗಕ್ಕೇ ಬಿಟ್ಟಿಲ್ಲ. ನಾಲಿಗೆ ನೋಡಿ, ಹೇಗೆ ಒಣಗಿದೆ. ಯಾರು ಸುತ್ತಿದ್ದು?"

ನಾನು ಗೋಡೆಯ ಮೇಲಿದ್ದ ಜಿರಾಫೆಯ ಚಿತ್ರ ನೋಡಿದೆ.

"ನಾನೇ ಸಾರ್" ಎಂದಳು ರಮ್ಯ.

ಮುನಿಲಕ್ಷ್ಮಮ್ಮ ಸರ್ರನೆ ತಿರುಗಿದರು. ಜೀವನದಲ್ಲಿ ತಮ್ಮದೊಂದು ಬಕೆಟ್ಟನ್ನೂ ಯಾರಿಗೂ ಬಿಟ್ಟುಕೊಡದ ಹೆಂಗಸು ಅವರು. "ಸುಳ್ಳು ಯೇಳ್ಬೇಡ! ಸುತ್ತಿದ್ದು ನಾನು. ಅವ್ಳು ಬಿಚ್ತಿದ್ಲು, ನಾನ್ ಸುತ್ತಿದ್ದೆ. ಬೈಯೋದಿದ್ರೆ ನಂಗೇ ಬೈರಿ."

ಡಾಕ್ಟರು ಬೈಯಲಿಲ್ಲ. ಕುರ್ಚಿ ಎಳೆದು ಅವರ ಎದುರು ಕೂತರು. ಜ್ವರ ಬಂದರೆ ಹಗುರವಾದ ಒಂದು ಬಟ್ಟೆ ಸಾಕು, ಫ್ಯಾನ್ ಹಾಕಬಹುದು, ಸ್ವಲ್ಪ ಸ್ವಲ್ಪವೇ ಕುಡಿಸುತ್ತಿರಬೇಕು ಎಂದರು. "ಜ್ವರ ನೂರಾ ಮೂರಿದ್ರೂ ಆಡ್ಕೊಂಡು, ಕುಡ್ಕೊಂಡು ಇದ್ರೆ ಅಷ್ಟು ಗಾಬರಿ ಬೇಡ. ಜ್ವರ ಇಳಿದಿದ್ರೂ ಮಗು ಮಂಕಾಗಿದ್ರೆ ಆಗ ಹೆದರ್ಕೊಳ್ಳಿ, ಓಡಿ ಬನ್ನಿ. ನಿಜವಾಗ್ಲೂ ಅಮ್ಮ ಬಂದ್ರೂ ಕರ್ಕೊಂಡು ಬನ್ನಿ. ಅವಳು ನನ್ನ ಕ್ಲಿನಿಕ್ಕಿಗೆ ಬರಲ್ಲ ಅಂತ ಯಾವತ್ತೂ ಹೇಳಿಲ್ಲ."

ಡೆಂಗ್ಯೂ ಇದೆಯೇ ನೋಡಲು ರಕ್ತ ತೆಗೆಸಿದರು. ಓಆರ್‌ಎಸ್ ನೀರನ್ನು ಅಲ್ಲೇ ಚಮಚದಲ್ಲಿ ಕುಡಿಸಿ ನೋಡಿದರು, ಹುಡುಗ ವಾಂತಿ ಮಾಡಲಿಲ್ಲ. "ಇದನ್ನೇ ಚಮಚ ಚಮಚ ಕೊಡ್ತಾ ಇರಿ. ಸಂಜೆ ದೀಪ ಹಚ್ಚೋದ್ರೊಳಗೆ ಉಚ್ಚೆ ಮಾಡಬೇಕು. ಮಾಡ್ಲಿಲ್ಲ ಅಂದ್ರೆ, ವಾಂತಿ ಶುರುವಾದ್ರೆ, ಎಬ್ಬಿಸಿದ್ರೂ ಏಳದೇ ಇದ್ರೆ, ಉಸಿರು ಜೋರಾದ್ರೆ, ನನ್ನನ್ನೂ ಕೇಳಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ಡ್ರಿಪ್ ಹಾಕಬೇಕಾಗುತ್ತೆ."

ಡ್ರಿಪ್ ಎಂಬ ಮಾತಿಗೆ ಮುನಿಲಕ್ಷ್ಮಮ್ಮ ಸೊಸೆಯ ಸೆರಗು ಹಿಡಿದುಕೊಂಡರು. ಮನೆಗೆ ಬರುವವರೆಗೂ ಬಿಡಲಿಲ್ಲ.

ಆ ಮಧ್ಯಾಹ್ನದಂಥ ಮಧ್ಯಾಹ್ನವನ್ನು ನಾನು ಕಂಡಿಲ್ಲ. ಒಗ್ಗರಣೆಯ ಮೇಲಿನ ನಿಷೇಧ ತೆರವಾಯಿತು, ಆದರೆ ಮೇಘಶ್ರೀಗೆ ಅಡುಗೆಮನೆಗೆ ಹೋಗುವ ಮನಸ್ಸಿರಲಿಲ್ಲ, ನನಗೂ ಹಸಿವಿರಲಿಲ್ಲ. ಅಂಗಡಿ ತೆರೆಯಲು ಹೋಗದೆ ಕೆಳಗಿನ ಮನೆಯ ಮೆಟ್ಟಿಲ ಮೇಲೆ ಕುಳಿತೆ. ಒಳಗೆ ಫ್ಯಾನ್ ತಿರುಗುತ್ತಿತ್ತು, ಕಿಟಕಿ ತೆರೆದಿತ್ತು. ಚಾಪೆಯ ಮೇಲೆ ಕಾಲು ಚಾಚಿ ಕೂತ ಮುನಿಲಕ್ಷ್ಮಮ್ಮ ತೆಳ್ಳನೆಯ ಅಂಗಿ ತೊಟ್ಟ ಮೊಮ್ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದರು. ರಮ್ಯ ಚಮಚದಲ್ಲಿ ಕುಡಿಸುತ್ತಿದ್ದಳು. ಫ್ಯಾನಿನ ಗಾಳಿಗೆ ಹುಡುಗನ ಕೂದಲು ಹಾರಿದಾಗಲೆಲ್ಲ ಅಜ್ಜಿಯ ಕೈ ಅದರಷ್ಟಕ್ಕೆ ಸೆರಗು ಹೊದಿಸಲು ಹೋಗುತ್ತಿತ್ತು. ರಮ್ಯ ಆ ಕೈಯಲ್ಲಿ ಚಮಚ ಇಟ್ಟಳು. ಆಮೇಲೆ ಕುಡಿಸುವ ಕೆಲಸ ಅವರದ್ದಾಯಿತು.

ಹೊತ್ತು ಇಳಿಯತೊಡಗಿತು. ಹುಡುಗ ಕುಡಿಯುತ್ತಿದ್ದ, ಆದರೆ ಉಚ್ಚೆಯ ಸುದ್ದಿಯೇ ಇಲ್ಲ. ನೀರಿನ ಸದ್ದು ಕೇಳಿದರೆ ಬರುತ್ತದೆ ಎಂದು ಮುನಿಲಕ್ಷ್ಮಮ್ಮನವರೇ ಹೇಳಿದರು. ನಾವು ಎರಡು ಬಕೆಟ್ ಹೆಚ್ಚು ಹಿಡಿದರೆ ಅಂಗಳದಲ್ಲಿ ನಿಂತು ಭಾಷಣ ಮಾಡುವವರು, "ನಲ್ಲಿ ಬಿಡು ಶಿವ್ರಾಜು, ಪೂರ್ತಿ ಬಿಡು!" ಎಂದರು. ನಾನು ಬಚ್ಚಲಿನ ನಲ್ಲಿ ಬಿಟ್ಟೆ. ಮೇಘಶ್ರೀ ಅಂಗಳದ ನಲ್ಲಿ ಬಿಟ್ಟಳು. ಟ್ಯಾಂಕರ್ ನೀರು ಮೋರಿಗೆ ಹರಿಯಿತು. ಮುನಿಲಕ್ಷ್ಮಮ್ಮ ಮೊಮ್ಮಗನ ಕಿವಿಯ ಬಳಿ "ಶ್ಶ್‌ಶ್ಶ್" ಎಂದರು. ರಮ್ಯ "ಶ್ಶ್‌ಶ್ಶ್" ಎಂದಳು. ಬಾಗಿಲಲ್ಲಿ ನಿಂತು ನಾನೂ "ಶ್ಶ್‌ಶ್ಶ್" ಎನ್ನುತ್ತಿದ್ದೇನೆಂದು ನನಗೆ ಗೊತ್ತಾದದ್ದು, ಪಕ್ಕದ ಮನೆಯವರು ಇಣುಕಿ ಹಾವು ಬಂದಿದೆಯೇ ಎಂದು ಕೇಳಿದಾಗ. ಅಷ್ಟೂ ಸದ್ದಿಗೆ ಅವಸರವಾದದ್ದು ನನಗೊಬ್ಬನಿಗೇ.

ನಾನು ಮೇಲೆ ಹೋಗಿ ಬರುವಷ್ಟರಲ್ಲಿ ಮುನಿಲಕ್ಷ್ಮಮ್ಮನವರ "ಶ್ಶ್" ನಿಂತಿತ್ತು. ಅವರು ಸೊಸೆಯ ಕಡೆ ನೋಡದೆ ಮಾತಾಡುತ್ತಿದ್ದರು.

"ನಂಗೆ ಹೆದ್ರಿಕೆ ಆಗ್ತೈತೆ ರಮ್ಯ. ಹೆದ್ರಿಕೆ ಆದ್ರೆ ಸುಮ್ನೆ ಕೂರಕ್ಕೆ ಬರಾಕಿಲ್ಲ ನಂಗೆ. ಏನಾರ ಮಾಡ್ಲೇಬೇಕು. ಅದ್ಕೇ ಸುತ್ತಿದ್ದು ನಾನು, ಸುತ್ತಿ ಸುತ್ತಿ ಇಂಗ್ ಮಾಡಾಕ್ಬುಟ್ಟೆ."

ರಮ್ಯಳಿಗೆ ಸಿಟ್ಟಿತ್ತು, ಅದು ಅವಳ ಮುಖದಲ್ಲಿ ಕಾಣುತ್ತಿತ್ತು. ಅವಳು ಅದನ್ನು ಮುಚ್ಚಿಡಲೂ ಇಲ್ಲ. "ನನ್ ಮಾತು ಕೇಳ್ಬೇಕಿತ್ತು ಅತ್ತೆ ನೀವು" ಎಂದಳು. ಮಗನ ಹಣೆ ಮುಟ್ಟಿ ನೋಡಿ, "ನಂಗೂ ಹೆದ್ರಿಕೆ ಆಗ್ತಿದೆ" ಎಂದಳು. ಆಮೇಲೆ ಆಸ್ಪತ್ರೆಗೆ ಹೋಗಲು ಚೀಲಕ್ಕೆ ಮಗನ ಬಟ್ಟೆ ತುಂಬತೊಡಗಿದಳು. ಹೊರಗೆ ಬಿಸಿಲು ಗೋಡೆಯ ತುದಿಗೆ ಹೋಗಿತ್ತು. ನಾನು ಸ್ಕೂಟರಿನ ಕೀಲಿ ಕೈಗೆ ತೆಗೆದುಕೊಂಡೆ.

ಆಗ ಮುನಿಲಕ್ಷ್ಮಮ್ಮ ಇದ್ದಕ್ಕಿದ್ದಂತೆ ನೆಟ್ಟಗಾದರು. ತೊಡೆಯ ಕಡೆ ನೋಡಿದರು.

"ಹುಯ್ದ!" ಎಂದು ಕೂಗಿದರು. "ರಮ್ಯ! ಹುಯ್ದ ಕಣೇ! ಬೆಚ್ಚಗೆ! ಇನ್ನೂ ಹುಯ್ತಾ ಅವ್ನೆ!"

ರಮ್ಯ ಚೀಲ ಬಿಟ್ಟು ಓಡಿದಳು. ಮೇಘಶ್ರೀ ಅಂಗಳದಿಂದ ದುಡುದುಡು ಓಡಿಬಂದಳು. ನಾನು ಚಪ್ಪಾಳೆ ತಟ್ಟಿದೆ ಎಂದು ಆಮೇಲೆ ಹೆಂಡತಿ ಹೇಳಿದಳು, ನನಗೆ ನೆನಪಿಲ್ಲ. ರಮ್ಯ ಡಾಕ್ಟರಿಗೆ ಫೋನ್ ಮಾಡಿದಳು, ಮುನಿಲಕ್ಷ್ಮಮ್ಮ ಅದನ್ನು ಕಿತ್ತುಕೊಂಡರು.

"ಡಾಕ್ಟ್ರೇ, ಹುಯ್ದ!"

"ಒಳ್ಳೇದಾಯ್ತು. ಎಷ್ಟು ಹುಯ್ದ? ಸ್ವಲ್ಪನಾ, ಚೆನ್ನಾಗಾ?"

"ಎಷ್ಟು ಅಂದ್ರೆ ಏನ್ ಯೇಳ್ಲಿ ಸಾಮಿ! ಸೀರೆ ಹಿಂಡುದ್ರೆ ಚೊಂಬು ತುಂಬ್ತದೆ!"

ಫೋನಿನ ಆ ಕಡೆ ಡಾಕ್ಟರು ನಕ್ಕದ್ದು ನಮಗೆಲ್ಲ ಕೇಳಿಸಿತು. ಆಸ್ಪತ್ರೆ ಸದ್ಯಕ್ಕೆ ಬೇಡ, ರಾತ್ರಿಯೆಲ್ಲ ಕುಡಿಸುತ್ತಿರಿ, ಮತ್ತೆ ಮಂಕಾದರೆ ಕಾಯಬೇಡಿ, ಬೆಳಿಗ್ಗೆ ರಕ್ತದ ರಿಪೋರ್ಟ್ ಜೊತೆ ಬನ್ನಿ ಎಂದರು.

ಹುಡುಗ ಹಾಗೆಯೇ ನಿದ್ದೆ ಹೋಗಿದ್ದ, ಒಳ್ಳೆಯ ನಿದ್ದೆ. ರಮ್ಯ ಅವನ ಬಟ್ಟೆ ಬದಲಾಯಿಸಿ, ಒಳಗಿನಿಂದ ಅತ್ತೆಗೊಂದು ಒಣ ಸೀರೆ ತಂದಳು. ಮುನಿಲಕ್ಷ್ಮಮ್ಮ ತಲೆಯಾಡಿಸಿದರು. ಅವರ ಕಣ್ಣಿನಿಂದ ನೀರು ಇಳಿದು ಗಲ್ಲದ ತುದಿಯಲ್ಲಿ ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳಲು ಕೈ ತೆಗೆದರೆ ಮಗು ಎಚ್ಚರವಾಗುತ್ತದೆಂದು ಒರೆಸಿಕೊಳ್ಳಲೂ ಇಲ್ಲ.

"ಈಗ್ಲೇ ಬ್ಯಾಡ. ಇನ್ನೊಂದ್ ಸ್ವಲ್ಪ ಹೊತ್ತು ಇಂಗೇ ಇರ್ತೀನಿ" ಎಂದರು.

ರಮ್ಯ ಒಣ ಸೀರೆಯನ್ನು ಪಕ್ಕಕ್ಕಿಟ್ಟು ಅವರ ಕೆನ್ನೆ ಒರೆಸಿದಳು. ಆಮೇಲೆ ಆ ಒದ್ದೆ ಚಾಪೆಯ ಮೇಲೆಯೇ ಅತ್ತೆಗೆ ಒತ್ತಿಕೊಂಡು ಕುಳಿತಳು.